ಧಾರೆಯ ಹೊತ್ತಿಗೆ ಬ್ಯಾಟರಿ ಇರಲಿ: ದೇವಲಾಪುರ ಸೀಮೆಯ ಫೋಟೋಗ್ರಾಫರುಗಳಿಗೊಂದು ಬಹಿರಂಗ ಪತ್ರ

ಪ್ರೀತಿಯ ತಮ್ಮಂದಿರೇ, ತಂಗಿಯರೇ,

ದೇವಲಾಪುರ ಹೋಬಳಿಯಲ್ಲೂ ಅದರ ಸುತ್ತಿನ ನಾಗಮಂಗಲ, ಪಾಂಡವಪುರ, ಕೆ.ಆರ್. ಪೇಟೆ, ಶ್ರೀರಂಗಪಟ್ಟಣ ತಾಲ್ಲೂಕುಗಳಲ್ಲೂ ಕ್ಯಾಮೆರಾ ಬ್ಯಾಗನ್ನು ಬೆನ್ನಿಗೇರಿಸಿಕೊಂಡು ಮದುವೆಯಿಂದ ಮದುವೆಗೆ, ಜಾತ್ರೆಯಿಂದ ಜಾತ್ರೆಗೆ ಬೈಕಿನಲ್ಲಿ ಓಡಾಡುವ ನಿಮಗೆಲ್ಲ ಈ ಪತ್ರ. ಒಬ್ಬೊಬ್ಬರಿಗೇ ಹೇಳುತ್ತಾ ಬಂದ ಮಾತನ್ನು ಎಲ್ಲರಿಗೂ ಒಟ್ಟಿಗೆ ಹೇಳಿಬಿಡಬೇಕು ಅನ್ನಿಸಿತು. ಮಾತು ಬ್ಯಾಟರಿಯದು.

ಹೊಸ ಕ್ಯಾಮೆರಾ ಕೊಳ್ಳುವಾಗ ನೀವು ವಿಚಾರಿಸದ ಸಂಗತಿಯಿಲ್ಲ. ಎಷ್ಟು ಮೆಗಾಪಿಕ್ಸೆಲ್, ಯಾವ ಲೆನ್ಸ್, ವಿಡಿಯೋ ಫೋರ್‌ಕೆ ಬರುತ್ತದೋ ಇಲ್ಲವೋ, ಕಂತು ತಿಂಗಳಿಗೆ ಎಷ್ಟು, ಎಲ್ಲ ಕೇಳುತ್ತೀರಿ. ಬ್ಯಾಟರಿಯ ವಿಷಯ ಬಂದಾಗ ಮಾತ್ರ ಡಬ್ಬಿಯಲ್ಲಿ ಬಂದದ್ದೇ ಸಾಕು ಎನ್ನುತ್ತೀರಿ; ಸಾಲದಿದ್ದರೆ ಎಲ್ಲಕ್ಕಿಂತ ಅಗ್ಗದ್ದೊಂದನ್ನು ತಂದು ಬ್ಯಾಗಿಗೆ ಹಾಕಿಕೊಳ್ಳುತ್ತೀರಿ. ಲಕ್ಷ ರೂಪಾಯಿಯ ಕ್ಯಾಮೆರಾ ನಿಂತುಹೋಗುವುದು ಬಹುಪಾಲು ಇದೊಂದರಿಂದಲೇ. ಅದೂ ಎಂಥ ಹೊತ್ತಿನಲ್ಲಿ! ಮುಹೂರ್ತ ಯಾರಿಗಾಗಿಯೂ ಕಾಯುವುದಿಲ್ಲ. ಹೆಣ್ಣಿನ ಅಪ್ಪ ಅಮ್ಮ ಧಾರೆ ಎರೆಯುವ ಗಳಿಗೆ ಬೇಗ ಮುಗಿದುಹೋಗುತ್ತದೆ. ಆಮೇಲೆ ನೆಂಟರಿಷ್ಟರೆಲ್ಲ ಸಾಲುಗಟ್ಟಿ ಬಂದು ಹಾಲೆರೆಯುತ್ತಾರೆ, ಒಬ್ಬರ ಹಿಂದೆ ಒಬ್ಬರು, ಬಿಡುವಿಲ್ಲದೆ. ನಿಮ್ಮ ಫ್ಲಾಶ್ ದಿನದಲ್ಲೆಲ್ಲ ಹೆಚ್ಚು ದುಡಿಯುವುದು ಆ ಅರ್ಧ ಗಂಟೆ. ಸೋಲುವುದೂ ಆಗಲೇ. ಎಂಬತ್ತು ವರ್ಷದ ಅಜ್ಜಿಯನ್ನು ಇಬ್ಬರು ಹಿಡಿದುಕೊಂಡು ಮಂಟಪ ಹತ್ತಿಸಿ, ನಡುಗುವ ಕೈಯಲ್ಲಿ ಹಾಲು ಬಿಡಿಸುತ್ತಿರುವಾಗ ಫ್ಲಾಶ್ ಹೊಡೆಯದೆ ಕಪ್ಪು ಚಿತ್ರ ಬಂದರೆ, ಆ ಮನೆಗೆ ಆದ ನಷ್ಟವನ್ನು ಯಾವ ರಿಯಾಯಿತಿಯಲ್ಲೂ ತುಂಬಿಕೊಡಲಾಗದು.

ಆದ್ದರಿಂದ ಮೊದಲು ಫ್ಲಾಶಿನ ಪೆನ್ಸಿಲ್ ಸೆಲ್‌ಗಳ ಮಾತು.

ನಿಮ್ಮಲ್ಲಿ ಅನೇಕರು ಈಗಲೂ ಪ್ರತಿ ಮದುವೆಗೂ ಹೊಸ ಆಲ್ಕಲೈನ್ ಸೆಲ್ ಕೊಂಡು, ಕೆಲಸ ಮುಗಿದ ಮೇಲೆ ಎಸೆಯುತ್ತೀರಿ. ಆಲ್ಕಲೈನ್ ಮೇಲೆ 1.5 ವೋಲ್ಟ್, ರೀಚಾರ್ಜ್ ಸೆಲ್ ಮೇಲೆ 1.2 ವೋಲ್ಟ್ ಎಂದು ಬರೆದಿರುವುದನ್ನು ನೋಡಿ ರೀಚಾರ್ಜ್ ಸೆಲ್ಲಿಗೆ ಶಕ್ತಿ ಕಡಿಮೆ ಎಂದುಕೊಂಡಿದ್ದೀರಿ. ಫ್ಲಾಶಿನ ಮಟ್ಟಿಗೆ ಅದು ತಿರುಗುಮುರುಗು. ಆಲ್ಕಲೈನ್ ಸೆಲ್ಲಿನ ಒಳಗೆ ಕರೆಂಟಿಗೆ ತಡೆ ಹೆಚ್ಚು. ಗೋಡೆ ಗಡಿಯಾರ, ಟಿವಿ ರಿಮೋಟ್ ಕೇಳುವಷ್ಟು ಸಣ್ಣ ಕರೆಂಟನ್ನು ಅದು ವರ್ಷಗಟ್ಟಲೆ ಕೊಡಬಲ್ಲದು. ಫ್ಲಾಶ್ ಒಮ್ಮೆಲೇ ದೊಡ್ಡ ಕರೆಂಟ್ ಎಳೆಯುತ್ತದೆ. ಆಗ ಆಲ್ಕಲೈನಿನ ವೋಲ್ಟೇಜ್ ಕುಸಿಯುತ್ತದೆ, ಮುಂದಿನ ಹೊಡೆತಕ್ಕೆ ಫ್ಲಾಶ್ ತುಂಬಿಕೊಳ್ಳಲು ಹೊತ್ತು ಹಿಡಿಯುತ್ತದೆ, ಸೆಲ್ ಹಳತಾದಷ್ಟೂ ಆ ಹೊತ್ತು ಬೆಳೆಯುತ್ತದೆ. ರೀಚಾರ್ಜ್ ಆಗುವ ನಿಕ್ಕಲ್ ಮೆಟಲ್ ಹೈಡ್ರೈಡ್ ಸೆಲ್ಲಿಗೆ ಒಳತಡೆ ಕಡಿಮೆ. ಅದು 1.2 ವೋಲ್ಟಿನ ಆಸುಪಾಸಿನಲ್ಲೇ ಕೊನೆಯ ಹಂತದವರೆಗೂ ಗಟ್ಟಿಯಾಗಿ ನಿಲ್ಲುತ್ತದೆ. ಧಾರೆಯ ಸಾಲಿಗೆ ಬೇಕಾದದ್ದು ಆ ಗಟ್ಟಿತನವೇ.

ಇನ್ನು ಯಾವ ಸೆಲ್ ಕೊಳ್ಳಬೇಕು? ಕೆಲವು ಅಂಗಡಿಗಳಲ್ಲಿ 3,500, 4,600 ಎಂದೆಲ್ಲ ಎಂಎಎಚ್ (ಸೆಲ್ಲಿನ ಸಾಮರ್ಥ್ಯದ ಅಳತೆ) ಅಚ್ಚು ಹಾಕಿದ ಪೆನ್ಸಿಲ್ ಸೆಲ್‌ಗಳು ನೇತಾಡುತ್ತಿರುತ್ತವೆ. ಅವನ್ನು ಮುಟ್ಟಲೇಬೇಡಿ. ಆ ಗಾತ್ರದ ನಿಕ್ಕಲ್ ಸೆಲ್ಲಿನೊಳಗೆ 2,700–2,800ಕ್ಕಿಂತ ಹೆಚ್ಚು ಹಿಡಿಸುವುದಿಲ್ಲ. ಅದಕ್ಕೂ ಮೇಲೆ ಬರೆದದ್ದೆಲ್ಲ ಸುಳ್ಳು. ನನ್ನ ಮಾತು ಕೇಳುವುದಾದರೆ 1,900ರಿಂದ 2,100 ಎಂಎಎಚ್‌ನ, ಚಾರ್ಜ್ ಹಿಡಿದಿಟ್ಟುಕೊಳ್ಳುವ ಬಗೆಯ ಸೆಲ್ ತನ್ನಿ. ಹಳೆಯ ಬಗೆಯ ನಿಕ್ಕಲ್ ಸೆಲ್ ಸುಮ್ಮನೆ ಇಟ್ಟಲ್ಲೇ ತಿಂಗಳಿಗೆ ಕಾಲುಭಾಗದಷ್ಟು ಚಾರ್ಜ್ ಕಳೆದುಕೊಳ್ಳುತ್ತಿತ್ತು. ಜಪಾನಿನ ಸ್ಯಾನ್ಯೋ ಕಂಪನಿ 2005ರಲ್ಲಿ ಎನೆಲೂಪ್ ಎಂಬ ಸೆಲ್ ತಂದ ಮೇಲೆ ಆ ಕಷ್ಟ ತೀರಿತು. ವರ್ಷವಿಟ್ಟರೂ ಚಾರ್ಜಿನ ಬಹುಪಾಲು ಉಳಿಯುವ ಸೆಲ್ ಅದು. ಈಗ ಪ್ಯಾನಾಸೋನಿಕ್ ಹೆಸರಿನಲ್ಲಿ ಬರುತ್ತದೆ, ಅದೇ ಬಗೆಯದನ್ನು ಬೇರೆ ಕಂಪನಿಗಳೂ ಮಾಡುತ್ತವೆ. ಅದರಲ್ಲೇ 2,500 ಎಂಎಎಚ್‌ನ ದೊಡ್ಡದೂ ಸಿಗುತ್ತದೆ. ಒಂದು ಸಲಕ್ಕೆ ಹೆಚ್ಚು ಬಾಳುತ್ತದೆ ನಿಜ, ಆದರೆ ಒಟ್ಟು ಚಾರ್ಜಿನ ಸಲಗಳು ಗಣನೀಯವಾಗಿ ಕಡಿಮೆ. ದುಡಿದು ತಿನ್ನುವವರಿಗೆ ಚಿಕ್ಕದೇ ಲೇಸು.

ತಂದ ದಿನವೇ ಒಂದು ಕೆಲಸ ಮಾಡಿ. ಅಳಿಸದ ಮಾರ್ಕರಿನಲ್ಲಿ ನಾಲ್ಕು ಸೆಲ್ಲಿಗೂ ‘ಅ’ ಎಂದು ಬರೆಯಿರಿ, ಮುಂದಿನ ನಾಲ್ಕಕ್ಕೆ ‘ಆ’. ಪಕ್ಕದಲ್ಲಿ ತಂದ ತಿಂಗಳು, ವರ್ಷ. ‘ಅ’ ಗುಂಪಿನವು ಯಾವತ್ತೂ ಒಟ್ಟಿಗೇ ಫ್ಲಾಶಿಗೆ ಹೋಗಲಿ, ಒಟ್ಟಿಗೇ ಚಾರ್ಜರಿಗೆ ಬರಲಿ. ಕಾರಣ ಇಷ್ಟೇ. ಫ್ಲಾಶಿನೊಳಗೆ ನಾಲ್ಕೂ ಸೆಲ್ ಒಂದರ ಬೆನ್ನಿಗೆ ಒಂದು ಕೂತಿರುತ್ತವೆ, ಒಂದೇ ನೊಗಕ್ಕೆ ಕಟ್ಟಿದ ಎತ್ತುಗಳ ಹಾಗೆ. ಒಂದು ಸೆಲ್ ಮುಂಚೆಯೇ ಬರಿದಾದರೆ ಉಳಿದ ಮೂರು ಅದರ ಮೂಲಕವೇ ಕರೆಂಟ್ ನುಗ್ಗಿಸುತ್ತವೆ, ಬರಿದಾದ ಸೆಲ್ಲಿನ ಧನ ಋಣಗಳು ಒಳಗೇ ಅದಲುಬದಲಾಗುತ್ತವೆ, ಅಲ್ಲಿಗೆ ಅದರ ಕಥೆ ಮುಗಿಯಿತು. ಹೊಸ ಎರಡು, ಹಳೆಯ ಎರಡು ಬೆರೆಸಿ ಹಾಕುವ ಅಭ್ಯಾಸ ಹೊಸದನ್ನೂ ಹಾಳುಮಾಡುತ್ತದೆ. ನೂರಾರು ರೂಪಾಯಿಯ ಮಲ್ಟಿಮೀಟರ್ ಒಂದು ಬ್ಯಾಗಿನಲ್ಲಿರಲಿ. ಚಾರ್ಜ್ ಆಗಿ ಒಂದೆರಡು ಗಂಟೆ ಕಳೆದ ಮೇಲೆ ಒಂದೊಂದಕ್ಕೂ ಮುಳ್ಳು ಹಿಡಿದು ನೋಡಿ. ಮೂರು ಸೆಲ್ 1.35ರ ಸುತ್ತ ತೋರಿಸಿ ನಾಲ್ಕನೆಯದು 1.25ಕ್ಕೆ ಇಳಿದಿದ್ದರೆ, ಆ ನಾಲ್ಕನೆಯದನ್ನು ಫ್ಲಾಶಿನಿಂದ ದೂರವಿಡಿ. ಅದು ಗೋಡೆ ಗಡಿಯಾರಕ್ಕೆ ಇನ್ನೂ ಆಗುತ್ತದೆ.

ಚಾರ್ಜರಿನಲ್ಲಿ ಉಳಿತಾಯ ಮಾಡಬೇಡಿ ಎಂದು ಬೇಡಿಕೊಳ್ಳುತ್ತೇನೆ. ಸೆಲ್ ಜೊತೆ ಉಚಿತವಾಗಿ ಬರುವ ಅಗ್ಗದ ಚಾರ್ಜರಿಗೆ ಸೆಲ್ ತುಂಬಿತೋ ಇಲ್ಲವೋ ಗೊತ್ತಾಗುವುದಿಲ್ಲ, ಪ್ಲಗ್ ಕೀಳುವವರೆಗೂ ತುಂಬುತ್ತಲೇ ಇರುತ್ತದೆ. ತುಂಬಿದ ಮೇಲೂ ಒಳಹೋಗುವ ಕರೆಂಟು ಶಾಖವಾಗುತ್ತದೆ, ಆ ಶಾಖ ಸೆಲ್ಲನ್ನು ತಿನ್ನುತ್ತದೆ. ನಿಕ್ಕಲ್ ಸೆಲ್ ತುಂಬಿದಾಗ ಅದರ ವೋಲ್ಟೇಜ್ ಒಂದಿಷ್ಟೇ ಇಷ್ಟು ಕೆಳಗಿಳಿಯುತ್ತದೆ. ಒಳ್ಳೆಯ ಚಾರ್ಜರ್ ಆ ಇಳಿತವನ್ನು ಹಿಡಿದು ತಾನೇ ನಿಲ್ಲಿಸುತ್ತದೆ. ಕೊಳ್ಳುವಾಗ ನಾಲ್ಕು ಗೂಡಿಗೂ ಬೇರೆ ಬೇರೆ ದೀಪ ಇದೆಯೇ ನೋಡಿ. ಎರಡೆರಡಕ್ಕೆ ಒಂದೇ ದೀಪ ಇದ್ದರೆ ಅದು ಜೋಡಿಯಾಗಿ ತುಂಬುವ ಚಾರ್ಜರ್. ಜೋಡಿಯಲ್ಲಿ ಒಂದು ಅರ್ಧಂಬರ್ಧ ತುಂಬಿ ಇನ್ನೊಂದು ಉಕ್ಕುತ್ತದೆ. 2,000 ಎಂಎಎಚ್ ಸೆಲ್ಲಿಗೆ 500ರಿಂದ 1,000 ಮಿಲಿಆಂಪಿಯರ್ ಕೊಡುವ ಚಾರ್ಜರ್ ಸರಿ. ಎರಡರಿಂದ ಐದು ಗಂಟೆಯಲ್ಲಿ ಕೆಲಸ ಮುಗಿಯುತ್ತದೆ. ತುಂಬುವ ಕೊನೆಯಲ್ಲಿ ಸೆಲ್ ಬೆಚ್ಚಗಾಗುವುದು ಸಹಜ, ಕೈ ಸುಡುವಂತಾದರೆ ಕಿತ್ತುಬಿಡಿ.

ಈಗ ಕ್ಯಾಮೆರಾದೊಳಗಿನ ಲಿಥಿಯಂ ಬ್ಯಾಟರಿ. ಸೋನಿ ಕಂಪನಿ ಲಿಥಿಯಂ ಅಯಾನ್ ಬ್ಯಾಟರಿಯನ್ನು ಮಾರುಕಟ್ಟೆಗೆ ತಂದದ್ದು 1991ರಲ್ಲಿ. ಅದನ್ನು ಸಾಧ್ಯವಾಗಿಸಿದ ಗುಡೆನಫ್, ವಿಟಿಂಗ್‌ಹ್ಯಾಮ್, ಯೋಶಿನೊ ಮೂವರಿಗೆ 2019ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಬಂತು. ಆದರೆ ನಮ್ಮ ಕಡೆ ಇನ್ನೂ ಅದಕ್ಕೂ ಹಿಂದಿನ ಉಪದೇಶವೇ ಚಾಲ್ತಿಯಲ್ಲಿದೆ. ‘ಪೂರ್ತಿ ಖಾಲಿ ಮಾಡಿ ಆಮೇಲೆ ಚಾರ್ಜ್‌ಗೆ ಹಾಕು ಕಣಪ್ಪ’ ಎಂದು ಹಿರಿಯ ಸ್ಟುಡಿಯೋದವರು ಕಿರಿಯರಿಗೆ ಹೇಳಿಕೊಡುತ್ತಾರೆ. ಅವರು ಕಲಿತದ್ದು ಹೆಗಲ ಮೇಲೆ ಕೂರಿಸುವ ವಿಡಿಯೋ ಕ್ಯಾಮೆರಾದ ಕಾಲದಲ್ಲಿ, ನಿಕ್ಕಲ್ ಕ್ಯಾಡ್ಮಿಯಂ ಬ್ಯಾಟರಿಯ ಮೇಲೆ. ಅದಕ್ಕೆ ಆ ಮಾತು ಸರಿಯಿತ್ತು. ಲಿಥಿಯಂಗೆ ಪೂರ್ತಿ ಖಾಲಿಯಾಗುವುದೇ ಕೇಡು. ತೀರಾ ಕೆಳಗಿಳಿದ ಬ್ಯಾಟರಿಯನ್ನು ಹಾಗೇ ವಾರಗಟ್ಟಲೆ ಬಿಟ್ಟರೆ ಒಳಗಿನ ರಕ್ಷಣೆಯ ಸರ್ಕ್ಯೂಟ್ ಬಾಗಿಲು ಹಾಕಿಬಿಡುತ್ತದೆ, ಮತ್ತೆ ಚಾರ್ಜರಿಗೆ ಇಟ್ಟರೂ ಏಳುವುದಿಲ್ಲ. ಕಾಲುಭಾಗ ಉಳಿದಿರುವಾಗಲೇ ಬದಲಿಸಿ. ನಡುನಡುವೆ ಅರೆಬರೆ ಚಾರ್ಜ್ ಮಾಡಿದರೆ ಅದಕ್ಕೇನೂ ಬೇಸರವಿಲ್ಲ.

ಬ್ಯಾಟರಿ ಎಷ್ಟಿರಬೇಕು ಎನ್ನುವುದಕ್ಕೆ ಲೆಕ್ಕವಿದೆ. ಜಪಾನಿನ ಕ್ಯಾಮೆರಾ ತಯಾರಕರ ಸಂಘ ಸೀಪಾ ಒಂದು ಪರೀಕ್ಷೆ ಗೊತ್ತುಮಾಡಿದೆ. ಆ ಲೆಕ್ಕದಲ್ಲಿ ಕ್ಯಾನನ್ 1500ಡಿ ಒಂದು ಬ್ಯಾಟರಿಗೆ 500 ಚಿತ್ರ, ನಿಕಾನ್ ಡಿ850 1,840 ಚಿತ್ರ, ಸೋನಿ ಎ7 ಮೂರನೇ ಮಾದರಿ ಪರದೆ ನೋಡಿ ತೆಗೆದರೆ 710. ಪರೀಕ್ಷೆ ನಡೆಯುವುದು 23 ಡಿಗ್ರಿಯಲ್ಲಿ, ಬಿಟ್ಟು ಬಿಟ್ಟು ಒಂದೊಂದೇ ಚಿತ್ರ ತೆಗೆಯುತ್ತಾ. ನಿಮ್ಮ ಮದುವೆಮನೆಯಲ್ಲಿ ಪಟಪಟ ಒತ್ತುತ್ತೀರಿ, ಹಾಗಾಗಿ ಚಿತ್ರಗಳ ಎಣಿಕೆ ಅದಕ್ಕಿಂತ ಹೆಚ್ಚೇ ಸಿಗುತ್ತದೆ. ವಿಡಿಯೋ ಬೆರೆತರೆ ಎಣಿಕೆ ಬಿದ್ದುಹೋಗುತ್ತದೆ. ಕನ್ನಡಿ ಇರುವ ಕ್ಯಾಮೆರಾಕ್ಕೆ ಎರಡು, ಕನ್ನಡಿ ಇಲ್ಲದ ಹೊಸ ಬಗೆಯ ಕ್ಯಾಮೆರಾಕ್ಕೆ ಮೂರು, ಇದು ನನ್ನ ಖಚಿತ ಅಭಿಪ್ರಾಯ. ಹೊಸ ಲೆನ್ಸ್ ಮುಂದಿನ ವರ್ಷಕ್ಕೆ ಹೋಗಲಿ, ಬ್ಯಾಟರಿ ಈ ವರ್ಷವೇ ಬರಲಿ.

ಕಂಪನಿಯದ್ದೇ ಬೇಕೋ, ಬೇರೆಯವರು ಮಾಡಿದ್ದೂ ಆದೀತೋ ಎಂದು ಕೇಳುತ್ತೀರಿ. ಆದೀತು, ಹೆಸರುಳ್ಳ ತಯಾರಕರದ್ದಾಗಿದ್ದು ಬಿಲ್ ಇದ್ದರೆ. ನಾನು ಹೆದರುವುದು ಕಂಪನಿಯ ಹೆಸರನ್ನೇ ಹಾಕಿಕೊಂಡು ಬರುವ ನಕಲಿಗೆ. ಅಸಲಿಯ ಪಕ್ಕದಲ್ಲಿಟ್ಟು ಅಂಗೈಯಲ್ಲಿ ತೂಗಿ ನೋಡಿ, ನಕಲಿ ಎಷ್ಟೋ ಸಲ ಹಗುರ. ಅಕ್ಷರಗಳ ಅಂಚು ಮಸುಕು. ಕ್ಯಾಮೆರಾದೊಳಗೆ ಹಾಕಿದಾಗ ಶೇಕಡಾ ಲೆಕ್ಕ ತೋರಿಸದೆ, ಬ್ಯಾಟರಿಯೊಂದಿಗೆ ಸಂಪರ್ಕ ಸಿಗುತ್ತಿಲ್ಲ ಎಂದು ಪರದೆ ಹೇಳಿದರೆ ಅನುಮಾನ ಪಡಿ. ಇಲ್ಲಿ ಮಾರುವ ಇಂಥ ಬ್ಯಾಟರಿಗಳಿಗೆ ಭಾರತೀಯ ಮಾನಕ ಬ್ಯೂರೋದ ನೋಂದಣಿ ಕಡ್ಡಾಯ. ಐಎಸ್ 16046 ಎಂಬ ಗುರುತು ಮತ್ತು ಆರ್ ಅಕ್ಷರದಿಂದ ಶುರುವಾಗುವ ನೋಂದಣಿ ಸಂಖ್ಯೆ ಹುಡುಕಿ. ಅದೂ ಇಲ್ಲದ, ಬಿಲ್ಲೂ ಇಲ್ಲದ ಬ್ಯಾಟರಿಯನ್ನು ಅರ್ಧ ಬೆಲೆಗೆ ಕೊಟ್ಟರೂ ಬೇಡ.

ನಮ್ಮ ಸೀಮೆಯಲ್ಲಿ ಬ್ಯಾಟರಿಯ ದೊಡ್ಡ ಶತ್ರು ಬಿಸಿಲು. ಮಾರ್ಚ್, ಏಪ್ರಿಲ್, ಮೇ, ಮದುವೆಗಳೂ ಆಗಲೇ, ಊರಹಬ್ಬಗಳೂ ಆಗಲೇ. ಬಿಸಿಲಿಗೆ ನಿಲ್ಲಿಸಿದ ಕಾರಿನೊಳಗೆ ಶಾಖ 50 ಡಿಗ್ರಿ ದಾಟುವುದು ಕಷ್ಟವೇನಲ್ಲ. ಬೈಕಿನ ಟ್ಯಾಂಕ್ ಮೇಲಿನ ಕಪ್ಪು ಚೀಲವೂ ಅಷ್ಟೇ. ಮಾರಮ್ಮನ ಹಬ್ಬದಲ್ಲಿ ಕೊಂಡ ಹಾಯುವುದನ್ನು ತೆಗೆಯಲು ಕೆಂಡದ ಪಕ್ಕದಲ್ಲೇ ಬ್ಯಾಗ್ ಇಟ್ಟುಕೊಂಡು ನಿಲ್ಲುವವರನ್ನು ಪ್ರತಿ ವರ್ಷ ನೋಡುತ್ತೇನೆ. ಬ್ಯಾಗನ್ನು ಯಾರಾದರೂ ಪರಿಚಯದವರ ಜಗಲಿಯ ನೆರಳಿಗೆ ಕೊಡಿ, ಒಂದು ಬ್ಯಾಟರಿ ಮಾತ್ರ ಜೇಬಿನಲ್ಲಿರಲಿ.

ಬಿಸಿಲಿಗಿಂತಲೂ ಸದ್ದಿಲ್ಲದ ಹಾನಿ ಆಷಾಢದಲ್ಲಿ ಆಗುತ್ತದೆ. ಆಷಾಢ, ಧನುರ್ಮಾಸ ಬಂದರೆ ಮದುವೆಯಿಲ್ಲ. ಕೊನೆಯ ಮದುವೆ ಮುಗಿಸಿ ಬಂದು, ಎಲ್ಲ ಬ್ಯಾಟರಿಯನ್ನೂ ಭರ್ತಿ ಚಾರ್ಜ್ ಮಾಡಿ, ಬ್ಯಾಗನ್ನು ಶೀಟ್ ಮನೆಯ ಅಟ್ಟದ ಮೇಲಿಟ್ಟು ಸಮಾಧಾನ ಪಡುತ್ತೀರಿ. ಲಿಥಿಯಂಗೆ ಇದಕ್ಕಿಂತ ಕೆಟ್ಟ ಉಪಚಾರ ಇಲ್ಲ. ಬ್ಯಾಟರಿ ತಜ್ಞರು ಕೊಡುವ ಅಂದಾಜು ಕೇಳಿ. 25 ಡಿಗ್ರಿಯಲ್ಲಿ ಶೇ 40ರಷ್ಟು ಚಾರ್ಜ್ ಇಟ್ಟು ಒಂದು ವರ್ಷ ಬಿಟ್ಟರೆ ಬ್ಯಾಟರಿಯ ಸಾಮರ್ಥ್ಯ ಶೇ 96ರಷ್ಟು ಉಳಿಯುತ್ತದೆ. ಭರ್ತಿ ಮಾಡಿಟ್ಟರೆ ಶೇ 80. ಅದೇ 40 ಡಿಗ್ರಿಯಲ್ಲಾದರೆ ಮೊದಲನೆಯದು ಶೇ 85, ಭರ್ತಿ ಮಾಡಿಟ್ಟದ್ದು ಶೇ 65. ಕ್ಯಾಮೆರಾ ಮುಟ್ಟದೆಯೇ ಬ್ಯಾಟರಿಯ ಮೂರನೇ ಒಂದು ಭಾಗ ಹೋಯಿತು. ಅರ್ಧ ಚಾರ್ಜ್ ಮಾಡಿ, ಕ್ಯಾಮೆರಾದಿಂದ ಹೊರತೆಗೆದು, ಪ್ಲಾಸ್ಟಿಕ್ ಮುಚ್ಚಳ ಹಾಕಿ, ಮನೆಯಲ್ಲಿ ಎಲ್ಲಕ್ಕಿಂತ ತಂಪಾದ ಗೂಡಿನಲ್ಲಿಡಿ. ನಮ್ಮ ಹಳೆಯ ಮಣ್ಣಿನ ಗೋಡೆಯ ಮನೆಗಳಲ್ಲಿ ನಡುಮನೆಯ ಗೂಡು ಇದಕ್ಕೆ ಹೇಳಿಮಾಡಿಸಿದ್ದು. ಶ್ರಾವಣದ ಮೊದಲ ಮದುವೆಯ ಹಿಂದಿನ ದಿನ ಭರ್ತಿ ಮಾಡಿದರಾಯಿತು.

ಮೇಲುಕೋಟೆಯ ವೈರಮುಡಿಗೆ ಹೋಗುವವರಿಗೆ ಬೇರೆಯೇ ತಯಾರಿ ಬೇಕು. ಕಿರೀಟ ಮಂಡ್ಯದ ಖಜಾನೆಯಿಂದ ಬರುತ್ತದೆ, ಚೆಲುವನಾರಾಯಣನಿಗೆ ಮುಡಿಸಿ ಉತ್ಸವ ಹೊರಡುವುದು ರಾತ್ರಿ, ಮುಗಿಯುವ ಹೊತ್ತಿಗೆ ಬೆಳಗಿನ ಜಾವ. ಆ ನೂಕುನುಗ್ಗಲಿನಲ್ಲಿ ಪ್ಲಗ್ ಹುಡುಕುವ ಮಾತೇ ಇಲ್ಲ. ಬಲ ಜೇಬಿನಲ್ಲಿ ತುಂಬಿದ ಬ್ಯಾಟರಿ, ಎಡ ಜೇಬಿನಲ್ಲಿ ಬಳಸಿದ್ದು. ಕತ್ತಲಲ್ಲೂ ಕೈ ತಪ್ಪುವುದಿಲ್ಲ. ಜೇಬಿನಲ್ಲಿ ಚಿಲ್ಲರೆಯಾಗಲಿ ಬೈಕಿನ ಕೀಲಿಯಾಗಲಿ ಇರಬಾರದು, ಲೋಹ ತಗುಲಿದರೆ ಶಾರ್ಟ್ ಆಗಿ ಬೆಂಕಿಯೇ ಹೊತ್ತಬಹುದು. ದೇವರು ಒಂದು ಬೀದಿಯಿಂದ ಇನ್ನೊಂದು ಬೀದಿಗೆ ಬರುವವರೆಗೆ ಕಾಯುತ್ತೀರಲ್ಲ, ಆಗ ತೆಗೆದ ಚಿತ್ರಗಳನ್ನು ಒಂದೊಂದಾಗಿ ನೋಡುತ್ತಾ ಕೂರಬೇಡಿ. ಪರದೆಯೇ ಬ್ಯಾಟರಿಯ ದೊಡ್ಡ ಬಾಯಿ. ವೈಫೈ, ಬ್ಲೂಟೂತ್ ಬೇಡವಾದಾಗ ಆರಿಸಿ.

ಶ್ರೀರಂಗಪಟ್ಟಣದ ರಂಗನತಿಟ್ಟಿಗೆ ಹಕ್ಕಿ ತೆಗೆಯಲು ಹೋಗುವ ಹುಡುಗ ಹುಡುಗಿಯರಿಗೂ ಇದೇ ಮಾತು. ಸಲೀಂ ಅಲಿ ಅವರ ಒತ್ತಾಸೆಯಿಂದ 1940ರಲ್ಲಿ ಪಕ್ಷಿಧಾಮವಾದ, 2022ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿದ ಜಾಗ ಅದು. ದೋಣಿಯಲ್ಲಿ ಕೂತಿರುವ ಹೊತ್ತು ಅಳತೆಯದು. ಬಣ್ಣದ ಕೊಕ್ಕರೆ ರೆಕ್ಕೆ ಬಿಚ್ಚುವ ಹೊತ್ತಿಗೆ ಬ್ಯಾಟರಿ ಬದಲಿಸುತ್ತಾ ಕೂರಬಾರದು ಎಂದಾದರೆ, ದೋಣಿ ಹತ್ತುವ ಮುಂಚೆಯೇ ಅರ್ಧಕ್ಕಿಳಿದದ್ದನ್ನು ತೆಗೆದು ತುಂಬಿದ್ದನ್ನು ಹಾಕಿ.

ಮನೆಯ ಬೀರುವಿನಲ್ಲಿ ಅಪ್ಪನದೋ ಮಾವನದೋ ಹಳೆಯ ಪುಟ್ಟ ಡಿಜಿಟಲ್ ಕ್ಯಾಮೆರಾ ಸಿಕ್ಕಿತು ಎಂದು ಈಚೆಗೆ ಕಾಲೇಜು ಮಕ್ಕಳು ಸಂತೋಷದಿಂದ ತೋರಿಸುತ್ತಾರೆ. ಕ್ಯಾನನ್ ಪವರ್‌ಶಾಟ್ ಎ ಸರಣಿಯ ಎಷ್ಟೋ ಕ್ಯಾಮೆರಾಗಳು ಎರಡು ಪೆನ್ಸಿಲ್ ಸೆಲ್ಲಿನಲ್ಲೇ ನಡೆಯುತ್ತಿದ್ದವು, ಇವತ್ತಿಗೂ ನಡೆಯುತ್ತವೆ. ಮೊದಲು ಸೆಲ್ಲಿನ ಬಾಗಿಲು ತೆಗೆದು ನೋಡಿ. ಒಳಗೇ ಬಿಟ್ಟ ಹಳೆಯ ಆಲ್ಕಲೈನ್ ಸೋರಿ ಲೋಹದ ಪಟ್ಟಿಗಳ ಮೇಲೆ ಬಿಳಿ ಹಿಟ್ಟು ಕಟ್ಟಿರುತ್ತದೆ. ಅದು ಕ್ಷಾರ, ಬರಿಗೈಯಲ್ಲಿ ಮುಟ್ಟಬೇಡಿ. ಹತ್ತಿ ಸುತ್ತಿದ ಕಡ್ಡಿಯನ್ನು ನಿಂಬೆರಸದಲ್ಲಿ ಅದ್ದಿ, ಚೆನ್ನಾಗಿ ಹಿಂಡಿ, ನಿಧಾನವಾಗಿ ಒರೆಸಿ. ಆಮೇಲೆ ಒದ್ದೆ ಹತ್ತಿ, ಕೊನೆಗೆ ಒಣ ಹತ್ತಿ. ಹಿಟ್ಟು ಹೋಗಿ ಪಟ್ಟಿ ಹೊಳೆದ ಮೇಲೆ ಹೊಸ ರೀಚಾರ್ಜ್ ಸೆಲ್ ಹಾಕಿ. ಬಹಳ ಕ್ಯಾಮೆರಾಗಳು ಹಾಗೆಯೇ ಕಣ್ಣು ಬಿಡುತ್ತವೆ.

ಮದುವೆ ಮಾಡುವ ಹಿರಿಯರಲ್ಲೂ ಒಂದು ಕೋರಿಕೆ. ಛತ್ರ ಗೊತ್ತುಮಾಡುವಾಗ ಮಂಟಪದ ಹತ್ತಿರ ಫೋಟೋದವರಿಗೆಂದು ಒಂದು ಪ್ಲಗ್ ಪಾಯಿಂಟ್ ಬಿಡಿಸಿಕೊಡಿ. ಈಗ ನಮ್ಮ ಹುಡುಗರು ಅಡುಗೆಮನೆಯಲ್ಲಿ ಗ್ರೈಂಡರ್ ಪಕ್ಕದ ಪ್ಲಗ್ಗಿನಲ್ಲಿ ಚಾರ್ಜರ್ ಸಿಕ್ಕಿಸಿ, ಸಾರಿನ ಹಬೆಗೆ ಬ್ಯಾಟರಿ ಬಿಟ್ಟು, ಯಾರು ಕೀಳುತ್ತಾರೋ ಎಂಬ ಆತಂಕದಲ್ಲಿ ಓಡಾಡುತ್ತಿರುತ್ತಾರೆ. ಅವರು ನಿಮ್ಮ ಮನೆಯ ನೆನಪು ಕಾಯಲು ಬಂದವರು.

ಕೊನೆಯದಾಗಿ ಸತ್ತ ಬ್ಯಾಟರಿಗಳು. ಇದನ್ನು ಕೊನೆಗೆ ಇಟ್ಟದ್ದು ಸಣ್ಣದೆಂದಲ್ಲ, ಇದೇ ನನ್ನನ್ನು ಹೆಚ್ಚು ಕಾಡುವುದು. ನಮ್ಮಲ್ಲಿ ಮನೆಯ ಕಸವೆಲ್ಲ ತಿಪ್ಪೆಗೆ, ತಿಪ್ಪೆಯೆಲ್ಲ ಹೊಲಕ್ಕೆ. ಎಸೆದ ಸೆಲ್ ಗೊಬ್ಬರದ ಜೊತೆ ಗಾಡಿಯೇರಿ ರಾಗಿ ಹೊಲಕ್ಕೂ ಕಬ್ಬಿನ ಗದ್ದೆಗೂ ಹೋಗುತ್ತದೆ. ಹಳೆಯ ನಿಕ್ಕಲ್ ಕ್ಯಾಡ್ಮಿಯಂ ಸೆಲ್ಲಿನ ಕ್ಯಾಡ್ಮಿಯಂ ವಿಷ, ಬೆಳೆ ಅದನ್ನು ಬೇರಿನಿಂದ ಹೀರುತ್ತದೆ, ಉಂಡವರ ಮೂತ್ರಪಿಂಡಕ್ಕೆ ಅದು ಕೆಡುಕು. ಲಿಥಿಯಂ ಬ್ಯಾಟರಿ ಕಸದ ಬೆಂಕಿಗೆ ಬಿದ್ದರೆ ಸಿಡಿಯುತ್ತದೆ. ಊದಿಕೊಂಡ ಬ್ಯಾಟರಿಯನ್ನು ಒತ್ತಿ ಕ್ಯಾಮೆರಾಕ್ಕೆ ತುರುಕುವುದು, ಸೂಜಿಯಲ್ಲಿ ಚುಚ್ಚಿ ಗಾಳಿ ಬಿಡುವುದು, ಇವೆರಡನ್ನೂ ದಯವಿಟ್ಟು ಮಾಡಬೇಡಿ.

ಮಂಡ್ಯ ಜಿಲ್ಲೆಯ ಮಣ್ಣಿಗೆ ಲಿಥಿಯಂ ಲೋಹದ ನಂಟಿದೆ ಎಂಬುದು ನಿಮಗೆ ನೆನಪಿರಬಹುದು. ಮರಳಗಾಲ–ಅಲ್ಲಾಪಟ್ಟಣ ಸೀಮೆಯ ಬಂಡೆಗಳಲ್ಲಿ ಲಿಥಿಯಂ ಇದೆ ಎಂದು ಅಣುಶಕ್ತಿ ಇಲಾಖೆಯ ಖನಿಜ ಶೋಧಕರು ಕಂಡುಕೊಂಡರು. 2020ರಲ್ಲಿ 14,100 ಟನ್ ಎಂಬ ಅಂದಾಜು ಸುದ್ದಿಯಾಯಿತು. ಮರುವರ್ಷ ಕೇಂದ್ರ ಸರ್ಕಾರ ಸಂಸತ್ತಿನಲ್ಲಿ ಹೇಳಿದ್ದು ಪ್ರಾಥಮಿಕ ಶೋಧದಂತೆ 1,600 ಟನ್. ನಿಮ್ಮ ಕ್ಯಾಮೆರಾದ ಒಂದು ಬ್ಯಾಟರಿಯಲ್ಲಿರುವ ಲಿಥಿಯಂ ಒಂದು ಗ್ರಾಮಿನ ಆಸುಪಾಸು. ಆ ಒಂದು ಗ್ರಾಮಿಗಾಗಿ ಎಲ್ಲೋ ಒಂದು ಊರಿನ ಬಂಡೆ ಒಡೆದು, ನೀರು ಸುರಿದು, ಸುಟ್ಟು ತೆಗೆಯಬೇಕು. ನಾಳೆ ಆ ಊರು ನಮ್ಮ ಪಕ್ಕದ್ದೇ ಆಗಬಹುದು. ಹಾಗಿರುವಾಗ ಕೈಗೆ ಬಂದ ಬ್ಯಾಟರಿಯನ್ನು ಎರಡು ವರ್ಷ ಹೆಚ್ಚು ಬಾಳಿಸುವುದು ದುಡ್ಡಿನ ಉಳಿತಾಯ ಮಾತ್ರವಲ್ಲ ಎಂದು ನಾನು ನಂಬುತ್ತೇನೆ.

2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಸತ್ತ ಬ್ಯಾಟರಿಯನ್ನು ಹಿಂದಕ್ಕೆ ಪಡೆದು ಮರುಬಳಕೆಗೆ ಸೇರಿಸುವುದು ತಯಾರಿಸಿದವರ ಹೊಣೆ. ಕ್ಯಾಮೆರಾ ಬ್ಯಾಟರಿಯೂ ಪೆನ್ಸಿಲ್ ಸೆಲ್ಲೂ ಅದರೊಳಗೆ ಬರುತ್ತವೆ. ಸ್ಟುಡಿಯೋದಲ್ಲಿ ಒಂದು ಒಣ ಪ್ಲಾಸ್ಟಿಕ್ ಡಬ್ಬ ಇಡಿ. ಸತ್ತ ಪ್ರತಿ ಸೆಲ್ಲಿನ ತುದಿಗೂ ಒಂದು ತುಂಡು ಟೇಪ್ ಅಂಟಿಸಿ ಅದರಲ್ಲಿ ಹಾಕಿ, ಊದಿದ್ದನ್ನು ಮಾತ್ರ ಬೇರೆಯಾಗಿ, ಮರಳು ತುಂಬಿದ ಡಬ್ಬಿಯಲ್ಲಿಡಿ. ಹಳ್ಳಿಯವರ ಟಾರ್ಚು, ರಿಮೋಟಿನ ಸೆಲ್ಲುಗಳನ್ನೂ ಅಲ್ಲಿಗೇ ತಂದುಕೊಡಲು ಹೇಳಿ. ಆಲ್ಬಂ ಪ್ರಿಂಟಿಗೆಂದು ಮೈಸೂರಿಗೋ ಬೆಂಗಳೂರಿಗೋ ಹೋಗಿಬರುತ್ತೀರಲ್ಲ, ಆ ದಿನ ಡಬ್ಬವನ್ನೂ ಜೊತೆಗೆ ಒಯ್ದು ಕಂಪನಿಯ ಸರ್ವಿಸ್ ಸೆಂಟರಿನಲ್ಲಿ ಅಥವಾ ನೋಂದಾಯಿತ ಇ-ತ್ಯಾಜ್ಯ ಸಂಗ್ರಾಹಕರಲ್ಲಿ ಕೊಡಿ. ತೆಗೆದುಕೊಳ್ಳುವುದಿಲ್ಲ ಎಂದರೆ ನಿಯಮದ ಹೆಸರು ಹೇಳಿ ಕೇಳಿ. ನಾಲ್ಕು ಸ್ಟುಡಿಯೋದವರು ಕೂಡಿ ಒಬ್ಬರ ಕೈಯಲ್ಲೇ ಕಳಿಸಿದರೂ ಆದೀತು.

ಇಂತಿ,
ನಿಮ್ಮ ಹಿತ ಬಯಸುವ,
ದೇವಲಾಪುರ ಹೋಬಳಿಯ ನಿಮ್ಮ ಕಸುಬಿನವನೇ ಒಬ್ಬ ಅಣ್ಣ